ಜೀವದ ಲಕ್ಷಣ: ಜಗದೀಶಚಂದ್ರ ಬೋಸರ ಒಂದು ಗ್ರಂಥದ ವಿಮರ್ಶೆ

೧

‘ಆಚಾರ್ಯ ಜಗದೀಶಚಂದ್ರ ಬೋಸರು ಸಸ್ಯಗಳಿಗೆ ಜೀವವಿದೆಯೆಂದು ಕಂಡುಹಿಡಿದರು’ ಎಂಬ ವಾಕ್ಯ ನಮ್ಮ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಪ್ರತಿವರ್ಷವೂ ಕಾಣಿಸಿಕೊಳ್ಳುತ್ತದೆ. ಆಧುನಿಕ ಭಾರತದ ಸಾಂಸ್ಕೃತಿಕ ಇತಿಹಾಸವನ್ನು ಬೋಧಿಸುವ ನಾವು ಹಲವು ವರ್ಷ ಆ ವಾಕ್ಯಕ್ಕೆ ನಿಸ್ಸಂಕೋಚವಾಗಿ ಪೂರ್ಣಾಂಕಗಳನ್ನು ಕೊಟ್ಟಿದ್ದೇವೆ. ಒಮ್ಮೆ ತರಗತಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಹಾಗಾದರೆ ಅದಕ್ಕೆ ಮುಂಚೆ ನಮ್ಮ ಹಳ್ಳಿಯವರು ಸಸಿ ಸತ್ತುಹೋಯಿತು ಎಂದು ಯಾವ ಅರ್ಥದಲ್ಲಿ ಹೇಳುತ್ತಿದ್ದರು?” ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಆಗ ನಾವು ಹೇಳಿದ ಸಮಾಧಾನ ಆಕೆಗೂ ಒಪ್ಪಿಗೆಯಾಗಲಿಲ್ಲ, ನಮಗೂ ಒಪ್ಪಿಗೆಯಾಗಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುವುದು ಲೇಸು.

ಸತ್ತಿತು ಎಂಬ ಮಾತಿನಲ್ಲಿಯೇ ಮೊದಲು ಜೀವವಿತ್ತೆಂಬುದು ಅಡಗಿದೆ. ಸಸ್ಯಗಳಿಗೆ ಜೀವವಿದೆಯೆಂಬುದು ಒಕ್ಕಲಿಗನಿಗೆ ಮಾತ್ರವಲ್ಲ, ಶಾಸ್ತ್ರಕಾರರಿಗೂ ಹೊಸತಾಗಿರಲಿಲ್ಲ. ಮನುಸ್ಮೃತಿಯ ಮೊದಲನೆಯ ಅಧ್ಯಾಯದಲ್ಲಿಯೇ ಸಸ್ಯಗಳು ಒಳಗೆ ಅರಿವುಳ್ಳವು, ಸುಖದುಃಖಗಳಿಗೆ ಪಾತ್ರವಾದವು ಎಂಬ ಅಭಿಪ್ರಾಯವಿದೆ. ಗ್ರೀಸಿನಲ್ಲಿ ಅರಿಸ್ಟಾಟಲನು ಸಸ್ಯಗಳಿಗೆ ಪೋಷಣಶಕ್ತಿಯ ಆತ್ಮವನ್ನು ಒಪ್ಪಿದ್ದನು. ಹೀಗಿರಲು ಬೋಸರು ಕಂಡುಹಿಡಿದದ್ದು ಏನು? ಈ ಲೇಖನ ಆ ಪ್ರಶ್ನೆಯಿಂದ ಹುಟ್ಟಿದುದು. ಉತ್ತರಕ್ಕಾಗಿ ನಾವು ಅವರ ಮೂಲಗ್ರಂಥವೊಂದನ್ನು ಓದಿದೆವು. ೧೯೦೨ರಲ್ಲಿ ಲಂಡನ್ನಿನ ಲಾಂಗ್‌ಮನ್ಸ್ ಗ್ರೀನ್ ಪ್ರಕಾಶನದವರು ಹೊರತಂದ ‘ರೆಸ್ಪಾನ್ಸ್ ಇನ್ ದಿ ಲಿವಿಂಗ್ ಅಂಡ್ ನಾನ್-ಲಿವಿಂಗ್’ ಎಂಬುದೇ ಆ ಗ್ರಂಥ. ‘ಸಜೀವ ನಿರ್ಜೀವಗಳಲ್ಲಿ ಪ್ರತಿಸ್ಪಂದನ’ ಎಂದು ಅದರ ಹೆಸರನ್ನು ಕನ್ನಡಿಸಬಹುದು.

ನಾವು ಇತಿಹಾಸದ ಅಭ್ಯಾಸಿಗಳು, ವಿದ್ಯುದ್ಯಂತ್ರಗಳನ್ನು ಓದಬಲ್ಲವರಲ್ಲ. ಪ್ರಯೋಗಗಳ ಸೂಕ್ಷ್ಮಗಳನ್ನು ತಜ್ಞರಿಗೆ ಬಿಟ್ಟು, ಪ್ರಯೋಗದಿಂದ ಸಿದ್ಧಾಂತಕ್ಕೆ ಗ್ರಂಥಕರ್ತರು ಹೋಗುವ ದಾರಿ ಎಂಥದು, ಆ ಸಿದ್ಧಾಂತವನ್ನು ಲೋಕ ಹೇಗೆ ಸ್ವೀಕರಿಸಿತು ಎಂಬ ಎರಡನ್ನೇ ಇಲ್ಲಿ ಪರಿಶೀಲಿಸುತ್ತೇವೆ. ಈ ಪರಿಶೀಲನೆ ಕೊನೆಗೆ ಬೋಸರೊಬ್ಬರ ವಿಷಯವಾಗಿ ಉಳಿಯುವುದಿಲ್ಲ. ಯಾವುದನ್ನು ಜೀವವೆನ್ನಬೇಕು ಎಂಬ ಪ್ರಶ್ನೆ ಏಕೆ ಇಂದಿಗೂ ಬಗೆಹರಿದಿಲ್ಲವೆಂಬುದಕ್ಕೆ ಈ ಗ್ರಂಥ ಒಳ್ಳೆಯ ನಿದರ್ಶನ.

೨

ಮೊದಲು ಲಕ್ಷಣವೆಂದರೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ನಮ್ಮ ತರ್ಕಶಾಸ್ತ್ರಜ್ಞರು ಈ ವಿಷಯದಲ್ಲಿ ಬಹಳ ಎಚ್ಚರ ವಹಿಸಿದವರು. ಒಂದು ಲಕ್ಷಣಕ್ಕೆ ಮೂರು ದೋಷಗಳು ಬರಬಹುದೆಂದು ಅವರು ಹೇಳುತ್ತಾರೆ. ಹಸುವೆಂದರೆ ಕಪಿಲವರ್ಣದ್ದು ಎಂದರೆ ಕರಿಯ ಹಸು, ಬಿಳಿಯ ಹಸುಗಳು ಹೊರಗುಳಿಯುತ್ತವೆ, ಇದು ಅವ್ಯಾಪ್ತಿ. ಕೊಂಬುಳ್ಳದ್ದು ಎಂದರೆ ಎಮ್ಮೆಯೂ ಒಳಗೆ ಬರುತ್ತದೆ; ಇದು ಅತಿವ್ಯಾಪ್ತಿ. ಒಂಟಿಗೊರಸಿನದು ಎಂದರೆ ಯಾವ ಹಸುವಿಗೂ ಸಲ್ಲುವುದಿಲ್ಲ; ಇದು ಅಸಂಭವ. ತರ್ಕಸಂಗ್ರಹದ ಕರ್ತೃವಾದ ಅನ್ನಂಭಟ್ಟನು ತಾನೇ ಬರೆದ ದೀಪಿಕೆಯಲ್ಲಿ ಇನ್ನೊಂದು ಮುಖ್ಯ ಸಂಗತಿಯನ್ನು ಸೇರಿಸುತ್ತಾನೆ. ಲಕ್ಷಣಕ್ಕೆ ಪ್ರಯೋಜನ ಎರಡು ಬಗೆ: ಒಂದು ವ್ಯಾವೃತ್ತಿ, ಎಂದರೆ ಆ ವಸ್ತುವನ್ನು ಇತರ ವಸ್ತುಗಳಿಂದ ಬೇರ್ಪಡಿಸುವುದು, ಇನ್ನೊಂದು ವ್ಯವಹಾರ, ಎಂದರೆ ಆ ಹೆಸರನ್ನು ಎಲ್ಲಿ ಬಳಸಬೇಕೆಂಬುದನ್ನು ಗೊತ್ತುಮಾಡುವುದು. ಈ ಎರಡನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಜೀವದ ಲಕ್ಷಣವೆಂದು ಸಾಮಾನ್ಯವಾಗಿ ಹೇಳುವ ಗುಣಗಳನ್ನು ಈ ನಿಕಷಕ್ಕೆ ಒಡ್ಡಿದರೆ ಅವು ನಿಲ್ಲುವುದಿಲ್ಲ. ಬೆಳೆಯುವುದೇ ಲಕ್ಷಣವೆಂದರೆ ಸಕ್ಕರೆಯ ಪಾಕದಲ್ಲಿ ಇಳಿಬಿಟ್ಟ ದಾರದ ಮೇಲೆ ಹರಳೂ ಬೆಳೆಯುತ್ತದೆ. ಆಹಾರವನ್ನು ಸ್ವೀಕರಿಸಿ ಮಾರ್ಪಡಿಸಿ ತ್ಯಾಜ್ಯವನ್ನು ಹೊರಹಾಕುವುದೆಂದರೆ ದೀಪದ ಉರಿಯೂ ಎಣ್ಣೆಯನ್ನು ತಿಂದು ಹೊಗೆಯನ್ನು ಬಿಡುತ್ತದೆ. ಅಷ್ಟೇ ಅಲ್ಲ, ಒಂದು ದೀಪದಿಂದ ನೂರು ದೀಪ ಹುಟ್ಟುತ್ತವೆ. ಸಂತಾನೋತ್ಪತ್ತಿಯೇ ಲಕ್ಷಣವೆಂದರೆ ಹೇಸರಗತ್ತೆ ಹೊರಗುಳಿಯುತ್ತದೆ. ಹರಳಿನಲ್ಲಿಯೂ ಉರಿಯಲ್ಲಿಯೂ ಇರುವುದು ಅತಿವ್ಯಾಪ್ತಿ, ಹೇಸರಗತ್ತೆಯಲ್ಲಿ ಇರುವುದು ಅವ್ಯಾಪ್ತಿ. ಇವೆಲ್ಲ ಎಲ್ಲರೂ ಬಲ್ಲ ಸಂಗತಿಗಳಾದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಹತ್ತೊಂಬತ್ತನೆಯ ಶತಮಾನದ ಶರೀರಕ್ರಿಯಾಶಾಸ್ತ್ರಜ್ಞರಿಗೆ ಈ ತೊಡಕು ತಿಳಿದಿತ್ತು. ಅವರು ಇನ್ನೂ ಸೂಕ್ಷ್ಮವಾದ ಒಂದು ಗುರುತನ್ನು ಹುಡುಕಿದರು. ಕಪ್ಪೆಯ ಸ್ನಾಯುವನ್ನೋ ನರವನ್ನೋ ಬೇರ್ಪಡಿಸಿ ಪ್ರಚೋದಿಸಿದರೆ ಪ್ರಚೋದನೆಗೊಳಗಾದ ಭಾಗಕ್ಕೂ ಉಳಿದ ಭಾಗಕ್ಕೂ ನಡುವೆ ಕ್ಷಣಕಾಲ ವಿದ್ಯುತ್ತು ಹರಿಯುತ್ತದೆ. ಕಣ್ಣಿಗೆ ಕಾಣುವ ಚಲನೆಯಿಲ್ಲದ ನರದಲ್ಲಿಯೂ ಇದು ಕಾಣುತ್ತದೆ. ಅಂಗ ಸತ್ತರೆ ನಿಲ್ಲುತ್ತದೆ. ಆದಕಾರಣ ವಿದ್ಯುತ್ ಪ್ರತಿಸ್ಪಂದನವೇ ಜೀವದ ಅತ್ಯಂತ ನಂಬಲರ್ಹವಾದ ಗುರುತೆಂಬ ಭಾವನೆ ಶಾಸ್ತ್ರಜ್ಞರಲ್ಲಿ ಬೇರೂರಿತು. ಬೋಸರು ಕೈಯಿಟ್ಟದ್ದು ಈ ಗುರುತಿನ ಮೇಲೆ.

೩

ಬೋಸರು (೧೮೫೮-೧೯೩೭) ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದವರು. ಅವರ ಮೊದಲ ಕೀರ್ತಿ ವಿದ್ಯುತ್ತರಂಗಗಳ ಸಂಶೋಧನೆಯಿಂದ ಬಂದುದು. ಆ ತರಂಗಗಳನ್ನು ಗ್ರಹಿಸಲು ಉಪಯೋಗಿಸುತ್ತಿದ್ದ ಲೋಹದ ಗ್ರಾಹಕಗಳು ಬಹಳ ಹೊತ್ತು ದುಡಿದ ಮೇಲೆ ಮಂದವಾಗುತ್ತಿದ್ದುವು. ಕೆಲಕಾಲ ಬಿಟ್ಟರೆ ಮತ್ತೆ ಚುರುಕಾಗುತ್ತಿದ್ದುವು. ಇದನ್ನು ರೇಖೆಯಾಗಿ ಬರೆದಾಗ ದಣಿದ ಸ್ನಾಯುವಿನ ರೇಖೆಯನ್ನು ಹೋಲಿತು. ಬೋಸರು ಭೌತವಿಜ್ಞಾನದಿಂದ ಜೀವವಿಜ್ಞಾನದ ಕಡೆಗೆ ತಿರುಗಿದ್ದು ಈ ಹೋಲಿಕೆಯಿಂದ. ೧೯೦೦ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ಭೌತವಿಜ್ಞಾನ ಸಮ್ಮೇಳನದಲ್ಲಿಯೂ, ೧೯೦೧ರ ಮೇ ೧೦ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿಯೂ ಅವರು ಇದನ್ನು ಪ್ರಸ್ತುತಪಡಿಸಿದರು. ನಾವು ವಿಮರ್ಶಿಸುತ್ತಿರುವ ಗ್ರಂಥ ಈ ಸಂಶೋಧನೆಗಳ ಕ್ರಮಬದ್ಧವಾದ ನಿರೂಪಣೆ.

ಗ್ರಂಥದ ರಚನೆಯಲ್ಲಿ ಒಂದು ಸೊಗಸಾದ ಕ್ರಮವಿದೆ. ಮೊದಲು ಸ್ನಾಯು ನರಗಳ ಪ್ರತಿಸ್ಪಂದನ, ಆಮೇಲೆ ಸಸ್ಯಗಳದು, ಆಮೇಲೆ ಲೋಹಗಳದು, ಕೊನೆಗೆ ಕಣ್ಣಿನ ದೃಷ್ಟಿಪಟಲ ಮತ್ತು ಅದನ್ನು ಹೋಲುವ ಕೃತಕ ಸಾಧನದ್ದು. ಸಸ್ಯಗಳ ಪ್ರಕರಣದಲ್ಲಿ ಅವರು ಪರೀಕ್ಷೆಗೆ ತೆಗೆದುಕೊಂಡುದು ಮುಟ್ಟಿದರೆ ಮುನಿಯಂಥ ವಿಶೇಷ ಗಿಡಗಳನ್ನಷ್ಟೇ ಅಲ್ಲ. ಗಜ್ಜರಿ, ಮೂಲಂಗಿಗಳಂಥ ಪೇಟೆಯ ತರಕಾರಿಗಳನ್ನೂ ತೆಗೆದುಕೊಂಡರು. ಹೊಸದಾಗಿ ಕಿತ್ತ ಗಡ್ಡೆ ಪ್ರಚೋದನೆಗೆ ವಿದ್ಯುತ್ತಿನಿಂದ ಉತ್ತರ ಕೊಡುತ್ತದೆ. ಕ್ಲೋರೋಫಾರ್ಮಿನ ಹಬೆಯಲ್ಲಿ ಉತ್ತರ ಕುಗ್ಗುತ್ತದೆ. ಬಿಸಿಯಿಂದ ಕೊಂದ ಮೇಲೆ ಉತ್ತರವೇ ಇರುವುದಿಲ್ಲ. ಲೋಹದ ಪ್ರಯೋಗದಲ್ಲಿ ತವರದ ತಂತಿಯೊಂದನ್ನು ನಡುವೆ ಬಿಗಿಯಾಗಿ ಹಿಡಿದು, ಒಂದು ಅರ್ಧವನ್ನು ಮಾತ್ರ ತಿರುಚಿ ಅಲುಗಾಡಿಸುತ್ತಾರೆ. ಅಲುಗಾಡಿದ ಭಾಗಕ್ಕೂ ಅಲುಗಾಡದ ಭಾಗಕ್ಕೂ ನಡುವೆ ಹರಿಯುವ ವಿದ್ಯುತ್ತನ್ನು ಗ್ಯಾಲ್ವನಾಮೀಟರು ತೋರಿಸುತ್ತದೆ. ತಂತಿಗೂ ಆಯಾಸವುಂಟು. ಸೋಡಿಯಂ ಕಾರ್ಬೊನೇಟಿನಿಂದ ಅದರ ಉತ್ತರ ಹೆಚ್ಚುತ್ತದೆ. ಆಕ್ಸಾಲಿಕ್ ಆಮ್ಲದಿಂದ ನಿಂತುಹೋಗುತ್ತದೆ. ಸ್ನಾಯು, ಸಸ್ಯ, ಲೋಹ ಈ ಮೂರರ ರೇಖೆಗಳನ್ನೂ ಒಂದರ ಪಕ್ಕದಲ್ಲಿ ಒಂದು ಮುದ್ರಿಸಿ ತೋರಿಸಿದಾಗ ಯಾವುದು ಯಾರದೆಂದು ಓದುಗನಿಗೆ ತಿಳಿಯುವುದು ಕಷ್ಟ. ಗ್ರಂಥದ ಶಕ್ತಿಯೆಲ್ಲ ಈ ಪುಟಗಳಲ್ಲಿದೆ.

ಈ ಪ್ರಯೋಗಗಳ ಬಲದಿಂದ ಬೋಸರು ಕೊನೆಯ ಅಧ್ಯಾಯದಲ್ಲಿ ಎರಡು ಮಾತುಗಳನ್ನು ಹೇಳುತ್ತಾರೆ. ಭೌತಿಕವಾದದ್ದು ಇಲ್ಲಿ ಮುಗಿಯಿತು, ಜೈವಿಕವಾದದ್ದು ಇಲ್ಲಿ ಆರಂಭವಾಯಿತು ಎಂದು ಗೆರೆಯೆಳೆಯಲು ಸಾಧ್ಯವಿಲ್ಲ, ಅಂಥ ಗೆರೆಯಿಲ್ಲ ಎಂಬುದು ಒಂದು. ಪ್ರತಿಸ್ಪಂದನವನ್ನು ವಿವರಿಸಲು ತಿಳಿಯಲಾಗದ ‘ಪ್ರಾಣಶಕ್ತಿ’ಯೊಂದನ್ನು ಕಲ್ಪಿಸುವ ಅಗತ್ಯವಿಲ್ಲ, ಅದು ಲೋಹಕ್ಕೂ ಜೀವಿಗೂ ಸಮಾನವಾದ ಭೌತಿಕ ನಿಯಮಗಳಿಗೆ ಒಳಪಟ್ಟಿದೆ ಎಂಬುದು ಇನ್ನೊಂದು.

೪

ಈಗ ವಿಮರ್ಶೆಗೆ ಬರೋಣ. ಮೊದಲನೆಯದಾಗಿ, ಸಸ್ಯಗಳಿಗೆ ಜೀವವಿದೆಯೆಂಬ ಸಾಧನೆ ಈ ಗ್ರಂಥದಲ್ಲಿ ಎಲ್ಲಿಯೂ ಇಲ್ಲ. ಇರಲು ಸಾಧ್ಯವೂ ಇಲ್ಲ. ಬಿಸಿಯಿಂದ ಗಜ್ಜರಿಯನ್ನು ‘ಕೊಂದು’, ಸತ್ತ ಗಜ್ಜರಿಯನ್ನು ಬದುಕಿರುವ ಗಜ್ಜರಿಯೊಡನೆ ಹೋಲಿಸುವವನು ಗಜ್ಜರಿಗೆ ಜೀವವಿದೆಯೆಂಬುದನ್ನು ಮೊದಲೇ ಒಪ್ಪಿರಬೇಕು. ಪ್ರಯೋಗದ ಪೂರ್ವಕಲ್ಪನೆಯನ್ನೇ ನಾವು ಪ್ರಯೋಗದ ಫಲವೆಂದು ಶತಮಾನಕ್ಕೂ ಮಿಕ್ಕಿ ಹೇಳಿಕೊಂಡು ಬಂದಿದ್ದೇವೆ.

ಎರಡನೆಯದಾಗಿ, ಲೋಹಕ್ಕೆ ಜೀವವಿದೆಯೆಂದು ಈ ಗ್ರಂಥ ಸಿದ್ಧಪಡಿಸಿತೆಂಬುದೂ ಸರಿಯಲ್ಲ. ವಾದದ ಸ್ವರೂಪವನ್ನು ನೋಡಿರಿ. ವಿದ್ಯುತ್ ಪ್ರತಿಸ್ಪಂದನವೇ ಜೀವದ ಲಕ್ಷಣ; ಲೋಹದಲ್ಲಿ ಅದು ಇದೆ. ಇಲ್ಲಿಂದ ಮುಂದೆ ಎರಡು ದಾರಿಗಳು. ಲಕ್ಷಣ ಸರಿಯಾದುದೆಂದು ಹಿಡಿದರೆ ಲೋಹವೂ ಜೀವಿಯಾಗುತ್ತದೆ. ಲೋಹ ಜೀವಿಯಲ್ಲವೆಂದು ಹಿಡಿದರೆ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷ ಬರುತ್ತದೆ. ಗ್ಯಾಲ್ವನಾಮೀಟರು ತೋರಿಸುವುದು ತಂತಿಯಲ್ಲಿ ವಿದ್ಯುತ್ತು ಹರಿಯಿತೆಂಬುದನ್ನು ಮಾತ್ರ. ಈ ಎರಡು ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕೆಂಬುದನ್ನು ಅದು ಹೇಳಲಾರದು. ಕೊಂಬುಳ್ಳದ್ದೇ ಹಸು ಎಂದವನಿಗೆ ಎಮ್ಮೆಯನ್ನು ತೋರಿಸಿದರೆ ಅವನು ಎಮ್ಮೆಯನ್ನು ಹಸುವೆನ್ನಬೇಕಾಗಿಲ್ಲ, ಲಕ್ಷಣವನ್ನು ತಿದ್ದಿಕೊಳ್ಳಬೇಕು.

ಮೂರನೆಯದಾಗಿ, ಗೆರೆಯೇ ಇಲ್ಲವೆಂಬ ನಿರ್ಣಯವೂ ಪ್ರಯೋಗದಿಂದ ನೇರವಾಗಿ ಬರುವುದಿಲ್ಲ. ಒಂದು ಗುರುತು ಎರಡು ಪಕ್ಷಗಳಲ್ಲಿಯೂ ಇದೆಯೆಂದರೆ ಆ ಗುರುತಿನಿಂದ ಗೆರೆಯೆಳೆಯಲಾಗದೆಂದು ಮಾತ್ರ ಅರ್ಥ. ಬಿಸಿಗೆ ಸಿಕ್ಕಿದ ಗಜ್ಜರಿ ಕಳೆದುಕೊಂಡುದು ಪ್ರತಿಸ್ಪಂದನವೊಂದನ್ನೇ ಅಲ್ಲ. ಅದು ಇನ್ನು ಚಿಗುರುವುದಿಲ್ಲ, ಗಾಯವನ್ನು ಮಾಯಿಸಿಕೊಳ್ಳುವುದಿಲ್ಲ, ಹೂವು ಬೀಜ ಬಿಡುವುದಿಲ್ಲ. ಕೆಲವೇ ದಿನಗಳಲ್ಲಿ ಕೊಳೆಯುತ್ತದೆ. ಆಮ್ಲದಿಂದ ಸ್ತಬ್ಧವಾದ ತಂತಿ ಕಳೆದುಕೊಂಡುದು ಪ್ರತಿಸ್ಪಂದನವನ್ನು ಮಾತ್ರ. ಅದು ಹಿಂದೆಯೂ ತಂತಿ, ಈಗಲೂ ತಂತಿ. ಆದಕಾರಣ ‘ವಿಷ’, ‘ಆಯಾಸ’ ಎಂಬ ಮಾತುಗಳು ಜೀವಿಯ ವಿಷಯದಲ್ಲಿ ಒಂದು ತೂಕದವು, ತಂತಿಯ ವಿಷಯದಲ್ಲಿ ಇನ್ನೊಂದು ತೂಕದವು. ರೇಖೆಗಳ ಸಾಮ್ಯವು ಈ ವ್ಯತ್ಯಾಸವನ್ನು ಮರೆಮಾಡುತ್ತದೆ.

ರೇಖೆ ಒಂದೇ ಆದರೆ ಕಾರಣವೂ ಒಂದೇ ಎಂಬ ನಿಯಮವಿಲ್ಲ. ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ವಿಜ್ಞಾನಿಗಳು ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನ ಮೇಲೆ ನಡೆಸಿದ ಪ್ರಯೋಗಗಳ ಫಲವಾಗಿ ೧೯೫೨ರಲ್ಲಿ ನರದ ವಿದ್ಯುತ್ತಿಗೆ ಕಾರಣವನ್ನು ಲೆಕ್ಕಸಮೇತ ವಿವರಿಸಿದರು. ಜೀವಕೋಶದ ಪೊರೆ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳಿಗೆ ಕ್ಷಣಕಾಲ ದಾರಿಬಿಟ್ಟು ಮತ್ತೆ ಮುಚ್ಚುವುದೇ ಆ ಕಾರಣ. ಆ ಅಯಾನುಗಳ ಅಸಮತೋಲನವನ್ನು ಕೋಶ ತನ್ನ ಶಕ್ತಿಯನ್ನು ವೆಚ್ಚಮಾಡಿ ಸದಾ ಕಾಪಾಡಿಕೊಂಡಿರುತ್ತದೆ. ತವರದ ತಂತಿಗೆ ಇಂಥ ಪೊರೆಯೂ ಇಲ್ಲ, ಇಂಥ ವೆಚ್ಚವೂ ಇಲ್ಲ. ಇದು ೧೯೦೨ರಲ್ಲಿ ಯಾರಿಗೂ ತಿಳಿದಿರಲಿಲ್ಲವಾದುದರಿಂದ ಬೋಸರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ತಿಳಿದ ಮೇಲೂ ಹಳೆಯ ಮಾತನ್ನೇ ಹೇಳುತ್ತಿರುವ ನಮ್ಮನ್ನು ದೂರಬಹುದು.

ಇನ್ನೂ ಒಂದು ತೊಡಕಿದೆ. ಅದನ್ನು ಬೋಸರೂ ಅವರ ಪ್ರತಿಪಕ್ಷದವರೂ ಗಮನಿಸಿದಂತೆ ತೋರುವುದಿಲ್ಲ. ಪ್ರಯೋಗಶಾಲೆಯಲ್ಲಿ ಉತ್ತರ ಕೊಡುವ ಕಪ್ಪೆಯ ಸ್ನಾಯು ಬದುಕಿರುವ ಕಪ್ಪೆಯದಲ್ಲ. ಕಪ್ಪೆ ಸತ್ತುಹೋಗಿದೆ, ಸ್ನಾಯು ಇನ್ನೂ ಕೆಲಕಾಲ ಉತ್ತರ ಕೊಡುತ್ತದೆ. ಹಾಗಾದರೆ ಜೀವವಿರುವುದು ಯಾವುದಕ್ಕೆ? ಸ್ನಾಯುವಿಗೆಂದರೆ ಕಪ್ಪೆ ಸತ್ತ ಮೇಲೂ ಜೀವವುಳಿಯಿತು. ಕಪ್ಪೆಗೆಂದರೆ ಪ್ರತಿಸ್ಪಂದನ ಜೀವದ ಗುರುತಾಗಲಿಲ್ಲ. ಸಂತಾನದ ದೃಷ್ಟಿಯಿಂದ ನೋಡಿದರೆ ಕಪ್ಪೆಯೊಂದಕ್ಕೂ ಅಲ್ಲ, ಕಪ್ಪೆಗಳ ಕುಲಕ್ಕೆ. ಅಂಗ, ಅಂಗಿ, ಕುಲ ಈ ಮೂರರಲ್ಲಿ ಯಾವುದರ ಲಕ್ಷಣವನ್ನು ಹೇಳಹೊರಟಿದ್ದೇವೆಂಬುದನ್ನು ಗೊತ್ತುಮಾಡಿಕೊಳ್ಳದೆ ಲಕ್ಷಣವನ್ನು ಹೇಳಿದರೆ ಒಂದಕ್ಕೆ ಸಲ್ಲುವುದು ಇನ್ನೊಂದಕ್ಕೆ ಸಲ್ಲದೆ ಹೋಗುತ್ತದೆ. ಜೀವದ ಲಕ್ಷಣ ಕೈಗೆ ಸಿಕ್ಕದಿರುವುದಕ್ಕೆ ಇದು ಮುಖ್ಯ ಕಾರಣಗಳಲ್ಲಿ ಒಂದೆಂದು ನಮ್ಮ ಮತ.

೫

ಪ್ರತಿಪಕ್ಷದವರ ನಿಲುವನ್ನೂ ನೋಡಬೇಕು. ೧೯೦೧ರ ಜೂನ್ ತಿಂಗಳಲ್ಲಿ ರಾಯಲ್ ಸೊಸೈಟಿಯಲ್ಲಿ ಬೋಸರು ತಮ್ಮ ಪ್ರಯೋಗಗಳನ್ನು ತೋರಿಸಿದಾಗ ಸರ್ ಜಾನ್ ಬರ್ಡನ್ ಸ್ಯಾಂಡರ್ಸನ್ ಅವರು ವಿರೋಧಿಸಿದರು. ಅವರು ಸಾಮಾನ್ಯರಲ್ಲ, ಕೀಟಗಳನ್ನು ಹಿಡಿಯುವ ಡಯೋನಿಯ ಗಿಡದ ವಿದ್ಯುತ್ತನ್ನು ೧೮೭೦ರ ದಶಕದಲ್ಲಿಯೇ ಅಳೆದವರು. ಪ್ಯಾಟ್ರಿಕ್ ಗೆಡ್ಡೆಸ್ ಅವರು ೧೯೨೦ರಲ್ಲಿ ಪ್ರಕಟಿಸಿದ ಬೋಸರ ಜೀವನಚರಿತ್ರೆಯ ಪ್ರಕಾರ, ಸಾಮಾನ್ಯ ಸಸ್ಯಗಳಲ್ಲಿ ಇಂಥ ಉತ್ತರ ದೊರೆಯುವುದು ಅಸಾಧ್ಯವೆಂದೂ, ‘ಪ್ರತಿಸ್ಪಂದನ’ವೆಂಬ ಶರೀರಶಾಸ್ತ್ರದ ಪದವನ್ನು ಭೌತವಿಜ್ಞಾನಿಯಾದ ಬೋಸರು ಬಿಡಬೇಕೆಂದೂ ಅವರ ಅಭಿಪ್ರಾಯವಾಗಿತ್ತು. ಬೋಸರು ಪದವನ್ನು ಬದಲಿಸಲು ಒಪ್ಪಲಿಲ್ಲ. ಆ ಪ್ರಬಂಧವನ್ನು ಸೊಸೈಟಿ ಪ್ರಕಟಿಸಲಿಲ್ಲ.

ಇದನ್ನು ವರ್ಣದ್ವೇಷದ ಕಥೆಯಾಗಿ ಮಾತ್ರ ಹೇಳುವುದು ನಮ್ಮಲ್ಲಿ ರೂಢಿ. ಸಾಮ್ರಾಜ್ಯದ ಕಾಲದಲ್ಲಿ ಅಂಥ ದ್ವೇಷವಿರಲಿಲ್ಲವೆಂದು ಯಾರೂ ಹೇಳಲಾರರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಯೂರೋಪಿಯನ್ನರಿಗಿಂತ ಕಡಮೆ ಸಂಬಳವನ್ನು ಮುಟ್ಟಲೊಲ್ಲದೆ ಬೋಸರು ಮೂರು ವರ್ಷ ದುಡಿದದ್ದು ಪ್ರಸಿದ್ಧವಾಗಿದೆ. ಆದರೆ ಲಂಡನ್ನಿನ ಜಗಳದ ತಿರುಳು ಪದದ ಒಡೆತನ. ಯಾವ ಶಾಸ್ತ್ರದವರು ಜೀವದ ಲಕ್ಷಣವನ್ನು ಹೇಳಲು ಅಧಿಕಾರಿಗಳು ಎಂಬುದು ಅಲ್ಲಿಯ ಪ್ರಶ್ನೆ. ಬೋಸರ ತರ್ಕದಲ್ಲಿ ಸಡಿಲವಿತ್ತು ಸರಿಯಷ್ಟೆ. ಬರ್ಡನ್ ಸ್ಯಾಂಡರ್ಸನ್ನರು ಆ ಸಡಿಲವನ್ನು ತೋರಿಸಲಿಲ್ಲ, ಪದಕ್ಕೆ ಬೇಲಿಹಾಕಿದರು. ಪದಕ್ಕೆ ಬೇಲಿಹಾಕಿದ ಮಾತ್ರಕ್ಕೆ ಲಕ್ಷಣದ ಅತಿವ್ಯಾಪ್ತಿ ಪರಿಹಾರವಾಗುವುದಿಲ್ಲ. ಸಾಮಾನ್ಯ ಸಸ್ಯಗಳ ವಿಷಯದಲ್ಲಂತೂ ಅವರೇ ತಪ್ಪಿದರು. ಸಸ್ಯಗಳಲ್ಲಿ ವಿದ್ಯುತ್ಸಂಕೇತಗಳು ಹರಿಯುತ್ತವೆಂಬುದು ಇಂದು ಸರ್ವಸಮ್ಮತ. ೧೯೨೦ರಲ್ಲಿ ರಾಯಲ್ ಸೊಸೈಟಿ ಬೋಸರನ್ನು ತನ್ನ ಸದಸ್ಯರನ್ನಾಗಿ ಆರಿಸಿಕೊಂಡಿತು.

೬

ಭಾರತದಲ್ಲಿ ಈ ಗ್ರಂಥವನ್ನು ಓದಿದ ರೀತಿ ಇದಕ್ಕಿಂತ ಬೇರೆ. ಲೋಹವೂ ಜೀವಿಯೂ ಸಮಾನವೆಂಬ ವಾಕ್ಯವನ್ನು ಎರಡು ಕಡೆಯಿಂದ ಓದಬಹುದು. ಜೀವಿಯ ಪ್ರತಿಸ್ಪಂದನವೂ ಲೋಹದ್ದರಂತೆ ಭೌತಿಕ ನಿಯಮಗಳಿಗೆ ಅಧೀನವೆಂದು ಓದಿದರೆ ಜೀವವು ಜಡದ ಕಡೆಗೆ ಇಳಿಯುತ್ತದೆ. ಲೋಹದಲ್ಲಿಯೂ ಜೀವವಿದೆಯೆಂದು ಓದಿದರೆ ಜಡವು ಜೀವದ ಕಡೆಗೆ ಏರುತ್ತದೆ. ಪ್ರಾಣಶಕ್ತಿಯ ಕಲ್ಪನೆಯನ್ನು ನಿರಾಕರಿಸುವ ಕೊನೆಯ ಅಧ್ಯಾಯ ಮೊದಲನೆಯ ಓದನ್ನು ಬೆಂಬಲಿಸುತ್ತದೆ. ನಮ್ಮ ದೇಶ ಕೈಹಿಡಿದದ್ದು ಎರಡನೆಯದನ್ನು. ಇದರಲ್ಲಿ ಬೋಸರ ಪಾತ್ರ ಇಲ್ಲದಿಲ್ಲ. ಗ್ರಂಥವನ್ನು ಅವರು ತಮ್ಮ ದೇಶಬಾಂಧವರಿಗೆ ಅರ್ಪಿಸಿದ್ದಾರೆ. ೧೯೦೧ರ ಉಪನ್ಯಾಸದ ಕೊನೆಯಲ್ಲಿ ಎಲ್ಲದರಲ್ಲಿಯೂ ಏಕವನ್ನು ಕಂಡ ಪ್ರಾಚೀನ ಋಷಿಗಳನ್ನು ಸ್ಮರಿಸಿದ್ದಾರೆ. ಪರಾಧೀನವಾಗಿದ್ದ ಜನಾಂಗವೊಂದು ತನ್ನ ಪೂರ್ವಿಕರ ಮಾತು ಯಂತ್ರದಿಂದ ದೃಢಪಟ್ಟಿತೆಂದು ಹಿಗ್ಗಿದುದು ಸಹಜ. ಆದರೆ ಸಹಜವಾದುದೆಲ್ಲ ಸತ್ಯವಲ್ಲ.

ಉದಾಹರಣೆಗೆ ಜೈನದರ್ಶನವನ್ನು ನೋಡಬಹುದು. ನಮ್ಮ ಪ್ರಾಚೀನ ಸಾಹಿತ್ಯದ ಬಹುಭಾಗ ಜೈನಕವಿಗಳದಾದುದರಿಂದ ಕನ್ನಡ ಓದುಗರಿಗೆ ಅದರ ಪರಿಭಾಷೆ ಅಪರಿಚಿತವಲ್ಲ. ಜೀವದ ಲಕ್ಷಣ ‘ಉಪಯೋಗ’, ಎಂದರೆ ದರ್ಶನಜ್ಞಾನರೂಪವಾದ ಅರಿವಿನ ವ್ಯಾಪಾರ, ಎಂದು ಉಮಾಸ್ವಾತಿಯ ತತ್ತ್ವಾರ್ಥಸೂತ್ರ ನಿರೂಪಿಸುತ್ತದೆ. ಸಸ್ಯಗಳು ಮಾತ್ರವಲ್ಲದೆ ಪೃಥ್ವಿಕಾಯಿಕಗಳೂ ಸ್ಪರ್ಶೇಂದ್ರಿಯವೊಂದುಳ್ಳ ಜೀವಗಳು. ಉತ್ತರಾಧ್ಯಯನದ ಪಟ್ಟಿಯಲ್ಲಿ ಕಬ್ಬಿಣ, ತಾಮ್ರ, ತವರಗಳೂ ಈ ವರ್ಗಕ್ಕೆ ಸೇರಿವೆ. ಇದನ್ನು ಓದಿದವನಿಗೆ ಬೋಸರ ತವರದ ತಂತಿ ನೆನಪಾಗದಿರದು. ಆದರೆ ಸಾಮ್ಯ ಇಲ್ಲಿಗೇ ಮುಗಿಯುತ್ತದೆ. ಆಗಮದ ಪ್ರಶ್ನೆ ‘ನಾನು ನಡೆಯುವಾಗ, ಅಗೆಯುವಾಗ, ಉಣ್ಣುವಾಗ ಯಾರನ್ನು ನೋಯಿಸುತ್ತಿದ್ದೇನೆ?’ ಎಂಬುದು. ಬೋಸರ ಪ್ರಶ್ನೆ ‘ಪ್ರಚೋದಿಸಿದಾಗ ಮುಳ್ಳು ಎಷ್ಟು ಸರಿಯುತ್ತದೆ?’ ಎಂಬುದು. ಅಲ್ಲಿ ಲಕ್ಷಣದ ಪ್ರಯೋಜನ ಅಹಿಂಸೆಯ ವ್ಯವಹಾರ, ಇಲ್ಲಿ ವಸ್ತುಗಳ ವ್ಯಾವೃತ್ತಿ. ಗ್ಯಾಲ್ವನಾಮೀಟರಿನ ಮುಳ್ಳು ಸರಿಯದಿದ್ದರೆ ಮುನಿಯು ತನ್ನ ವ್ರತವನ್ನು ಬಿಡಬೇಕಾಗಿಲ್ಲ. ಮುಳ್ಳು ಸರಿದರೆ ಆಗಮಕ್ಕೆ ಹೊಸ ಪ್ರಮಾಣ ದೊರೆತಂತೆಯೂ ಅಲ್ಲ. ಒಂದನ್ನು ಇನ್ನೊಂದರ ಸಾಕ್ಷಿಯಾಗಿ ನಿಲ್ಲಿಸಿದರೆ ಎರಡಕ್ಕೂ ಅನ್ಯಾಯವಾಗುತ್ತದೆ.

ನಮ್ಮ ಭಾಷೆಯೂ ಈ ವಿಷಯದಲ್ಲಿ ಪಾಠ ಹೇಳುತ್ತದೆ. ಹಸು ಬಂದಿತು, ಮಳೆ ಬಂದಿತು, ಕಾಗದ ಬಂದಿತು ಎಂದು ನಾವು ಒಂದೇ ಕ್ರಿಯಾರೂಪವನ್ನು ಬಳಸುತ್ತೇವೆ. ಕನ್ನಡ ವ್ಯಾಕರಣದ ನಪುಂಸಕಲಿಂಗ ಹಸುವನ್ನೂ ಕಲ್ಲನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುತ್ತದೆ. ಅದರ ಗೆರೆ ಮನುಷ್ಯನಿಗೂ ಉಳಿದುದಕ್ಕೂ ನಡುವೆ. ಆದರೆ ಹಸು ಸತ್ತಿತು, ಸಸಿ ಸತ್ತಿತು ಎನ್ನುವವನು ಕಲ್ಲು ಸತ್ತಿತು ಎನ್ನುವುದಿಲ್ಲ. ಲಿಂಗ ಎಳೆಯದ ಗೆರೆಯನ್ನು ಕ್ರಿಯಾಪದ ಎಳೆಯುತ್ತದೆ. ಒಂದೇ ಭಾಷೆಯೊಳಗೆ ಎರಡು ಪ್ರಯೋಜನಗಳಿಗೆ ಎರಡು ಗೆರೆಗಳಿರುವುದನ್ನು ನಾವು ದಿನವೂ ಯಾವ ತೊಡಕಿಲ್ಲದೆ ನಿರ್ವಹಿಸುತ್ತೇವೆ.

೭

ಇದೆಲ್ಲ ಹಳೆಯ ಕಥೆಯೆಂದು ವಾಚಕರು ಭಾವಿಸಬಾರದು. ೧೯೭೬ರ ಜುಲೈ ೨೦ರಂದು ವೈಕಿಂಗ್ ಎಂಬ ನೌಕೆ ಮಂಗಳಗ್ರಹದ ಮೇಲೆ ಇಳಿಯಿತು. ಸೆಪ್ಟೆಂಬರಿನಲ್ಲಿ ಎರಡನೆಯದು ಇಳಿಯಿತು. ಅಲ್ಲಿಯ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳಿವೆಯೇ ಎಂದು ಪರೀಕ್ಷಿಸಲು ಹೂಡಿದ ಪ್ರಯೋಗಗಳಲ್ಲಿ ಒಂದು ಹೀಗಿದೆ. ವಿಕಿರಣಶೀಲ ಇಂಗಾಲವನ್ನು ಸೇರಿಸಿದ ಪೋಷಕದ್ರವವನ್ನು ಮಣ್ಣಿಗೆ ಹನಿಸಬೇಕು. ಜೀವಿಗಳಿದ್ದರೆ ಅವು ಅದನ್ನು ತಿಂದು ವಿಕಿರಣಶೀಲ ಅನಿಲವನ್ನು ಬಿಡುತ್ತವೆ. ಹೋಲಿಕೆಗಾಗಿ ಇನ್ನೊಂದು ಹಿಡಿ ಮಣ್ಣನ್ನು ೧೬೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಮೂರು ಗಂಟೆ ಕಾಯಿಸಿ ಅದೇ ಪರೀಕ್ಷೆಗೆ ಒಡ್ಡಬೇಕು. ಕಾಯಿಸದ ಮಣ್ಣು ಅನಿಲವನ್ನು ಬಿಟ್ಟಿತು. ಕಾಯಿಸಿದ ಮಣ್ಣು ಬಿಡಲಿಲ್ಲ. ಬೋಸರು ಗಜ್ಜರಿಯ ಮೇಲೆ ನಡೆಸಿದ ಪರೀಕ್ಷೆಯ ಕ್ರಮವೇ ಇದು: ಬಿಸಿಯಿಂದ ಕೊಂದದ್ದನ್ನು ಕೊಲ್ಲದಿರುವುದರೊಡನೆ ಹೋಲಿಸುವುದು.

ಮೊದಲೇ ಗೊತ್ತುಮಾಡಿಕೊಂಡಿದ್ದ ಲಕ್ಷಣದ ಪ್ರಕಾರ ಜೀವವಿದೆಯೆಂದು ಘೋಷಿಸಬೇಕಾಗಿತ್ತು. ಹಾಗೆ ಘೋಷಿಸಲಿಲ್ಲ. ಅದೇ ನೌಕೆಯ ಇನ್ನೊಂದು ಯಂತ್ರಕ್ಕೆ ಆ ಮಣ್ಣಿಗೆ ಸೇರಿದ್ದೆಂದು ಹೇಳಬಹುದಾದ ಸಾವಯವ ಪದಾರ್ಥ ದ್ರವ್ಯವಿಶ್ಲೇಷಣೆಯಲ್ಲಿ ದೊರಕಿರಲಿಲ್ಲ. ಜೀವಿಗಳ ದೇಹವೇ ಇಲ್ಲದೆ ಜೀವಿಗಳು ಉಂಡದ್ದು ಹೇಗೆ? ಮಣ್ಣಿನಲ್ಲಿರುವ ಯಾವುದೋ ತೀಕ್ಷ್ಣ ರಾಸಾಯನಿಕದ ಕೆಲಸವಿದೆಂದು ಬಹುಪಾಲು ವಿಜ್ಞಾನಿಗಳು ನಿರ್ಣಯಿಸಿದರು. ೨೦೦೮ರಲ್ಲಿ ಫೀನಿಕ್ಸ್ ನೌಕೆ ಮಂಗಳದ ಮಣ್ಣಿನಲ್ಲಿ ಪರ್ಕ್ಲೋರೇಟ್ ಲವಣಗಳನ್ನು ಕಂಡಾಗ ಹಳೆಯ ವಿಶ್ಲೇಷಣೆಯ ಬಗೆಗೂ ಸಂದೇಹಗಳೆದ್ದುವು. ಪ್ರಯೋಗವನ್ನು ರೂಪಿಸಿದ ಗಿಲ್ಬರ್ಟ್ ಲೆವಿನ್ ಅವರು ತಾವು ಕಂಡದ್ದು ಜೀವವೇ ಎಂಬ ನಂಬಿಕೆಯನ್ನು ೨೦೨೧ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. ಇಲ್ಲಿಯೂ ಎರಡು ದಾರಿಗಳಿದ್ದುವು. ವಿಜ್ಞಾನಿಗಳು ಲಕ್ಷಣವನ್ನು ಬಿಟ್ಟುಕೊಟ್ಟರು, ಲೆವಿನ್ನರು ಬಿಟ್ಟುಕೊಡಲಿಲ್ಲ. ಮಂಗಳದ ಮಣ್ಣಿನ ವಿಷಯದಲ್ಲಿ ಈ ಎಚ್ಚರವನ್ನು ಒಪ್ಪುವ ನಾವು ತವರದ ತಂತಿಯ ವಿಷಯದಲ್ಲಿ ಅದನ್ನೇಕೆ ಒಪ್ಪಬಾರದು?

ವೈಕಿಂಗಿನ ಬಳಿಕ, ೧೯೯೦ರ ದಶಕದಲ್ಲಿ, ಅಮೆರಿಕದ ನಾಸಾ ಸಂಸ್ಥೆಯ ಆಶ್ರಯದಲ್ಲಿ ವಿಜ್ಞಾನಿಗಳು ಹೊಸ ಲಕ್ಷಣವೊಂದನ್ನು ರೂಪಿಸಿದರು. ತನ್ನನ್ನು ತಾನೇ ನಡೆಸಿಕೊಂಡು ಹೋಗುವ, ಡಾರ್ವಿನ್ ಹೇಳಿದ ರೀತಿಯಲ್ಲಿ ವಿಕಾಸಹೊಂದಬಲ್ಲ ರಾಸಾಯನಿಕ ವ್ಯವಸ್ಥೆ ಜೀವವೆಂದು ಅದರ ತಾತ್ಪರ್ಯ. ಇದು ಹಿಂದಿನವುಗಳಿಗಿಂತ ಬಿಗಿಯಾದುದು. ಹರಳನ್ನೂ ಉರಿಯನ್ನೂ ಹೊರಗಿಡುತ್ತದೆ. ಆದರೆ ವಿಕಾಸಹೊಂದುವುದು ಕುಲವೇ ಹೊರತು ಒಂಟಿ ಜೀವಿಯಲ್ಲವಾದುದರಿಂದ ಹೇಸರಗತ್ತೆ ಮತ್ತೆ ಬಾಗಿಲಲ್ಲಿ ನಿಲ್ಲುತ್ತದೆ. ವೈರಸ್ಸು ಅರ್ಧ ಒಳಗೆ, ಅರ್ಧ ಹೊರಗೆ. ಹೊಗೆಸೊಪ್ಪಿನ ಎಲೆಗೆ ರೋಗ ತರುವ ವೈರಸ್ಸನ್ನು ೧೯೩೫ರಲ್ಲಿ ವೆಂಡೆಲ್ ಸ್ಟ್ಯಾನ್ಲಿ ಹರಳುಗಟ್ಟಿಸಿದರು. ಸೀಸೆಯಲ್ಲಿ ಅದು ಲವಣದಂತೆ ಸುಮ್ಮನಿರುತ್ತದೆ. ಎಲೆಗೆ ಹಚ್ಚಿದರೆ ಹೆಚ್ಚುತ್ತ ಹೋಗುತ್ತದೆ.

ಶಾಸ್ತ್ರಜ್ಞರು ಹೀಗೆ ಕಾಯಬಲ್ಲರು, ನ್ಯಾಯಶಾಸ್ತ್ರ ಕಾಯಲಾರದು. ೧೯೯೪ರಲ್ಲಿ ನಮ್ಮ ಸಂಸತ್ತು ಅಂಗಾಂಗಗಳ ಕಸಿಯನ್ನು ಕುರಿತು ಮಾಡಿದ ಕಾಯಿದೆ ಮಿದುಳುಕಾಂಡದ ಮರಣವನ್ನು ಮರಣವೆಂದೇ ಪರಿಗಣಿಸುತ್ತದೆ. ಯಂತ್ರದ ನೆರವಿನಿಂದ ಉಸಿರಾಡುತ್ತಿರುವ, ಎದೆ ಮಿಡಿಯುತ್ತಿರುವ, ಮೈ ಬೆಚ್ಚಗಿರುವ ದೇಹದ ಮುಂದೆ ನಿಂತ ಬಂಧುಗಳಿಗೆ ವೈದ್ಯನು ಈ ಲಕ್ಷಣವನ್ನು ಹೇಳಬೇಕಾಗುತ್ತದೆ. ಆ ದೇಹದ ಸ್ನಾಯುವಿಗೆ ತಂತಿ ಸೇರಿಸಿದರೆ ೧೯೦೨ರ ಗುರುತು ಇನ್ನೂ ದೊರೆಯುತ್ತದೆ. ಆದರೂ ಆ ವ್ಯಕ್ತಿ ಸತ್ತಿದ್ದಾನೆಂದು ಕಾಯಿದೆ ಹೇಳುವುದು ತಪ್ಪಲ್ಲ. ಏಕೆಂದರೆ ಅದು ಕೇಳುತ್ತಿರುವುದು ಅಂಗದ ಜೀವವನ್ನಲ್ಲ, ಅಂಗಿಯ ಜೀವವನ್ನು. ಅಂಗ ಇನ್ನೂ ಬದುಕಿರುವುದರಿಂದಲೇ ಅದು ಇನ್ನೊಬ್ಬರ ದೇಹದಲ್ಲಿ ಬದುಕಬಲ್ಲದು. ಅಂಗಕ್ಕೂ ಅಂಗಿಗೂ ಇರುವ ಈ ಭೇದವನ್ನು ಸ್ಪಷ್ಟವಾಗಿ ತಿಳಿಯದವನಿಗೆ ವೈದ್ಯನ ಮಾತು ಕ್ರೂರವಾಗಿ ಕೇಳಿಸುತ್ತದೆ. ಲಕ್ಷಣದ ಚರ್ಚೆ ಪಂಡಿತರ ವಿನೋದವಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಕಾಗಿಲ್ಲ.

ಇಷ್ಟರಿಂದ ನಾವು ತಲಪುವ ನಿರ್ಣಯ ಸಂಕ್ಷಿಪ್ತವಾದುದು. ಜೀವಕ್ಕೆ ಲಕ್ಷಣವೇ ಇಲ್ಲವೆಂದಾಗಲಿ, ಯಾವ ಲಕ್ಷಣವಾದರೂ ಆದೀತೆಂದಾಗಲಿ ನಾವು ಹೇಳುವುದಿಲ್ಲ. ಯಾವ ಪ್ರಯೋಜನಕ್ಕಾಗಿ, ಅಂಗ ಅಂಗಿ ಕುಲಗಳಲ್ಲಿ ಯಾವುದನ್ನು ಕುರಿತು, ಯಾವುದರಿಂದ ಬೇರ್ಪಡಿಸಲು ಲಕ್ಷಣವನ್ನು ಹೇಳುತ್ತಿದ್ದೇವೆಂಬುದನ್ನು ಮೊದಲು ಹೇಳಬೇಕು. ಆಮೇಲೆ ಆ ಲಕ್ಷಣ ತಪ್ಪಿದರೆ, ತಪ್ಪಿದ ಸ್ಥಳವೇ ಜ್ಞಾನಕ್ಕೆ ಲಾಭ. ಬೋಸರ ಗ್ರಂಥದ ನಿಜವಾದ ಹಿರಿಮೆ ಇಲ್ಲಿದೆ. ತಮ್ಮ ಕಾಲದ ಅತ್ಯಂತ ಭದ್ರವಾದ ಗುರುತಿಗೆ ಅತಿವ್ಯಾಪ್ತಿಯನ್ನು ಪ್ರಯೋಗದಿಂದ ತೋರಿಸಿಕೊಟ್ಟವರು ಅವರು.

ಆದುದರಿಂದ ಇನ್ನು ಮುಂದೆ ನಮ್ಮ ತರಗತಿಯಲ್ಲಿ ಹೀಗೆ ಹೇಳಬೇಕೆಂದು ನಿಶ್ಚಯಿಸಿದ್ದೇವೆ: ಮುಟ್ಟಿದರೆ ಮುನಿಯಂಥ ಕೆಲವು ಗಿಡಗಳಲ್ಲಿ ಮಾತ್ರವಲ್ಲದೆ ಸಾಮಾನ್ಯ ಸಸ್ಯಗಳಲ್ಲಿಯೂ ಪ್ರಚೋದನೆಗೆ ವಿದ್ಯುತ್ ಪ್ರತಿಸ್ಪಂದನವಿದೆಯೆಂದು ಬೋಸರು ತೋರಿಸಿದರು, ಅಂಥದೇ ರೇಖೆಯನ್ನು ಲೋಹದಲ್ಲಿಯೂ ಪಡೆದು, ಆ ಪ್ರತಿಸ್ಪಂದನವೊಂದೇ ಜೀವದ ಲಕ್ಷಣವಾಗಲಾರದೆಂಬುದಕ್ಕೆ ಆಧಾರ ಒದಗಿಸಿದರು. ಹಳೆಯ ವಾಕ್ಯದಷ್ಟು ಇದು ಚಿಕ್ಕದಲ್ಲ. ಉತ್ತರಪತ್ರಿಕೆಯಲ್ಲಿ ಬರೆಯುವುದೂ ಕಷ್ಟ, ಅಂಕ ಕೊಡುವುದೂ ಕಷ್ಟ. ಆದರೆ ಸಸಿ ಸತ್ತುಹೋಯಿತು ಎಂಬ ಹಳ್ಳಿಯವರ ಮಾತಿಗೆ ಇದು ಅಡ್ಡಬರುವುದಿಲ್ಲ. ಅಂದು ಆ ವಿದ್ಯಾರ್ಥಿನಿಗೆ ನಾವು ಕೊಡಬೇಕಾಗಿದ್ದ ಉತ್ತರ ಇದೇ.